ಎದುರಿನ ಕಣ್ಣಿಗೆ ಬೀಳದ ಬೆಳಕು

ಕೆಲವು ದಶಕಗಳ ಹಿಂದೆ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದ ಲಾರಿ, ಬಸ್ಸು, ಕಾರುಗಳ ಹೆಡ್‌ಲೈಟುಗಳನ್ನು ನೋಡಿದವರಿಗೆ ಒಂದು ಸಂಗತಿ ನೆನಪಿರಬಹುದು. ಗಾಜಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿದಿರುತ್ತಿದ್ದರು, ಇಲ್ಲವೇ ನಡುವೆ ಒಂದು ಕಪ್ಪು ಬೊಟ್ಟು ಇಟ್ಟಿರುತ್ತಿದ್ದರು. ಎದುರಿನಿಂದ ಬರುವ ಚಾಲಕನ ಕಣ್ಣು ಕುಕ್ಕಬಾರದೆಂಬುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಮಸೂರದ ಅರ್ಧಭಾಗಕ್ಕೆ ಕಾಗದ ಅಂಟಿಸಿದರೆ ಬಿಂಬದ ಅರ್ಧಭಾಗ ಮಾಯವಾಗದೆ ಇಡೀ ಬಿಂಬ ಮಂಕಾಗುವುದನ್ನು ತರಗತಿಯಲ್ಲಿ ತೋರಿಸಿರುವ ಶಿಕ್ಷಕರಿಗೆ ಇಲ್ಲಿಯ ತೊಡಕು ಕೂಡಲೇ ಹೊಳೆಯುತ್ತದೆ. ಗಾಜಿನ ಮೇಲರ್ಧದಿಂದ ಹೊರಟ ಬೆಳಕು ಮೇಲಕ್ಕೇ ಹೋಗಬೇಕೆಂಬ ನಿಯಮವಿಲ್ಲ. ತಗ್ಗು ಬೆಳಕಿನ ಮಟ್ಟಿಗಂತೂ ಸಂಗತಿ ತದ್ವಿರುದ್ಧ.

ಬಹುಕಾಲದಿಂದ ಕಾರುಗಳಲ್ಲಿ ಬಳಕೆಯಲ್ಲಿರುವ ಎಚ್4 ಬಲ್ಬನ್ನು ಗಮನಿಸಿ. ಅದರೊಳಗೆ ಎರಡು ತಂತುಗಳಿವೆ. 60 ವಾಟ್‌ನ ತಂತು ಪರವಲಯ ದರ್ಪಣದ ಸಂಗಮ ಬಿಂದುವಿನ ಬಳಿ ಇರುತ್ತದೆ. ಅದರ ಬೆಳಕು ದರ್ಪಣದಿಂದ ಪ್ರತಿಫಲಿಸಿ ಹೆಚ್ಚುಕಡಿಮೆ ಸಮಾಂತರ ಕಿರಣಪುಂಜವಾಗಿ ದೂರಕ್ಕೆ ಸಾಗುತ್ತದೆ. ಇದೇ ಎತ್ತರದ ಬೆಳಕು, ಅಂದರೆ ಹೈಬೀಮ್. 55 ವಾಟ್‌ನ ಇನ್ನೊಂದು ತಂತು ಸಂಗಮ ಬಿಂದುವಿಗಿಂತ ತುಸು ಮುಂದಿದೆ. ಹೀಗೆ ಮುಂದಿರುವ ಆಕರದ ಕಿರಣಗಳು ದರ್ಪಣದ ಮೇಲರ್ಧಕ್ಕೆ ತಾಗಿದರೆ ಅಕ್ಷದ ಕಡೆಗೆ, ಎಂದರೆ ಕೆಳಕ್ಕೆ ಬಾಗುತ್ತವೆ; ಕೆಳಗಿನ ಅರ್ಧಕ್ಕೆ ತಾಗಿದರೆ ಮೇಲಕ್ಕೆ. ಈ ಎರಡನೆಯ ಗುಂಪೇ ಎದುರಿನವರಿಗೆ ಕಂಟಕ. ಅದನ್ನು ತಡೆಯಲು ತಂತುವಿನ ಕೆಳಗೆ ಪುಟ್ಟ ಲೋಹದ ಬಟ್ಟಲೊಂದನ್ನು ಇಟ್ಟಿರುತ್ತಾರೆ. ಆದ್ದರಿಂದ ತಗ್ಗು ಬೆಳಕೆಲ್ಲ ಮುಖ್ಯವಾಗಿ ದರ್ಪಣದ ಮೇಲರ್ಧದಿಂದಲೇ ಬರುತ್ತದೆ. ಇಂಥ ದೀಪದ ಗಾಜಿನ ಮೇಲರ್ಧಕ್ಕೆ ಕಪ್ಪು ಬಳಿದರೆ ಏನಾಗುತ್ತದೆ? ಬೇಕಾದ ತಗ್ಗು ಬೆಳಕೇ ಬಹುಪಾಲು ನಷ್ಟ! ಕಣ್ಣು ಕುಕ್ಕುವ ಹೈಬೀಮಿನ ಅರ್ಧ ಮಾತ್ರ ಹಾಗೆಯೇ ಉಳಿಯುತ್ತದೆ.

ಬಟ್ಟಲಿನ ಒಂದು ಅಂಚನ್ನು 15 ಡಿಗ್ರಿಯಷ್ಟು ಓರೆ ಮಾಡಿರುತ್ತಾರೆ. ಇದರಿಂದ ಬೆಳಕಿನ ಮೇಲಂಚು ರಸ್ತೆಯ ಬದಿಯ ಕಡೆಗೆ ತುಸು ಏರುತ್ತದೆ. ದಡದಲ್ಲಿ ನಡೆಯುವವರು, ಸೂಚನಾ ಫಲಕಗಳು ಕಾಣುತ್ತವೆ. ಎಡಗಡೆ ಚಲಿಸುವ ನಮ್ಮಲ್ಲಿ ಈ ಏರು ಎಡಕ್ಕೆ, ಬಲಗಡೆ ಚಲಿಸುವ ದೇಶಗಳಲ್ಲಿ ಬಲಕ್ಕೆ. ಅಲ್ಲಿಯ ದೀಪವನ್ನು ಇಲ್ಲಿ ಹಾಕಿದರೆ ಆ ಏರು ನೇರವಾಗಿ ಎದುರು ಚಾಲಕನ ಮುಖಕ್ಕೇ.

ಬೆಳಕಿನ ಮೇಲಂಚನ್ನು ಸಾಮಾನ್ಯವಾಗಿ ಶೇಕಡಾ 1ರಷ್ಟು ಇಳಿಜಾರಾಗಿ ಹೊಂದಿಸುತ್ತಾರೆ. ನೆಲದಿಂದ 70 ಸೆಂಟಿಮೀಟರ್ ಎತ್ತರದಲ್ಲಿರುವ ದೀಪದ ಬೆಳಕಿನ ಅಂಚು 70 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಸಮತಟ್ಟು ಅಂಗಳದಲ್ಲಿ ಕಾರನ್ನು ಗೋಡೆಗೆ 10 ಮೀಟರ್ ದೂರದಲ್ಲಿ ನಿಲ್ಲಿಸಿ ನೀವೇ ಪರೀಕ್ಷಿಸಬಹುದು: ಗೋಡೆಯ ಮೇಲೆ ಬೆಳಕಿನ ಅಂಚು ದೀಪದ ಮಧ್ಯದ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು. ಶೇಕಡಾ 1 ಎಂದರೆ ಕೋನದಲ್ಲಿ ಕೇವಲ 0.57 ಡಿಗ್ರಿ. ಡಿಕ್ಕಿಯಲ್ಲಿ ಭಾರ ತುಂಬಿ ಕಾರಿನ ಮೂತಿ 1 ಡಿಗ್ರಿ ಮೇಲೆದ್ದರೂ ಸಾಕು, ತಗ್ಗು ಬೆಳಕು ತಗ್ಗಾಗಿ ಉಳಿಯುವುದಿಲ್ಲ.

ಬಲ್ಬಿನ ಸ್ಥಾನವಂತೂ ಇನ್ನೂ ನಾಜೂಕು. ದರ್ಪಣದ ಸಂಗಮ ದೂರ 25 ಮಿಲಿಮೀಟರ್ ಎಂದಿಟ್ಟುಕೊಳ್ಳೋಣ. ಆಕರವು ಅಕ್ಷದಿಂದ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ 25 ಮೀಟರ್ ದೂರದಲ್ಲಿ ಬೆಳಕು ಸುಮಾರು 1 ಮೀಟರ್ ಸರಿಯುತ್ತದೆ. ತಂತುವಿಗೆಂದು ರೂಪಿಸಿದ ದರ್ಪಣಕ್ಕೆ ಅಗ್ಗದ ಎಲ್‌ಇಡಿ ಬಲ್ಬು ಸಿಕ್ಕಿಸಿ ‘ಬೆಳಕು ಜಾಸ್ತಿ’ ಎಂದು ಹಿಗ್ಗುವವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಹೆಚ್ಚಾದ ಬೆಳಕು ಬೀಳುವುದು ಎಲ್ಲಿಗೆ?

ದಿಕ್ಕನ್ನು ಕತ್ತರಿಸುವ ಈ ಉಪಾಯ ಬಿಟ್ಟು ಬೇರೆ ದಾರಿಯೇ ಇಲ್ಲವೆ? ಇದೆ. ಅಮೆರಿಕದ ಎಡ್ವಿನ್ ಲ್ಯಾಂಡ್ 1929ರಲ್ಲಿ ಹಾಳೆಯ ರೂಪದ ಧ್ರುವಕಕ್ಕೆ ಪೇಟೆಂಟ್ ಅರ್ಜಿ ಸಲ್ಲಿಸಿದಾಗ ಆತನ ಮನಸ್ಸಿನಲ್ಲಿದ್ದ ಮುಖ್ಯ ಉಪಯೋಗ ಹೆಡ್‌ಲೈಟೇ. ಉಪಾಯ ಸೊಗಸಾದದ್ದು. ಪ್ರತಿ ಕಾರಿನ ದೀಪಕ್ಕೂ, ಚಾಲಕನ ಮುಂದಿನ ಪರದೆಗೂ 45 ಡಿಗ್ರಿ ಓರೆಯಾಗಿ, ಒಂದೇ ದಿಕ್ಕಿನಲ್ಲಿ ಧ್ರುವಕ ಹಾಳೆ ಅಳವಡಿಸುವುದು. ಎರಡು ತೆಳು ಕಾಗದಗಳ ಮೇಲೆ ಒಂದೇ ರೀತಿ ಓರೆಗೆರೆ ಎಳೆದು, ಗೆರೆಗಳು ಎದುರುಬದುರಾಗುವಂತೆ ಜೋಡಿಸಿ, ಬೆಳಕಿಗೆ ಹಿಡಿಯಿರಿ: ಗೆರೆಗಳು ಪರಸ್ಪರ ಲಂಬವಾಗಿ ಕಾಣುತ್ತವೆ. ಎದುರುಬದುರಾದ ಎರಡು ಕಾರುಗಳ ಧ್ರುವಕಗಳೂ ಹಾಗೆಯೇ. ಮಾಲಸ್ ನಿಯಮದ ಪ್ರಕಾರ ಹಾಯುವ ಬೆಳಕು ಕೊಸೈನ್ ವರ್ಗಕ್ಕೆ ಅನುಪಾತದಲ್ಲಿದೆ. 90 ಡಿಗ್ರಿಗೆ ಅದು ಸೊನ್ನೆ. ಎದುರಿನ ದೀಪ ನಂದಿಹೋದಂತೆ ಕಾಣುತ್ತದೆ, ನಮ್ಮ ದೀಪದಿಂದ ಚದರಿ ಹಿಂದಿರುಗಿದ ಬೆಳಕಿನ ಸಾಕಷ್ಟು ಭಾಗ ಮಾತ್ರ ಕಣ್ಣಿಗೆ ತಲಪುತ್ತದೆ. ಹೈಬೀಮನ್ನೇ ಹಾಕಿಕೊಂಡು ಹೋಗಬಹುದು!

ತೊಂದರೆಯೆಂದರೆ, ಹಾಳೆಯ ಧ್ರುವಕ ಅರ್ಧಕ್ಕಿಂತ ಹೆಚ್ಚು ಬೆಳಕನ್ನು ಹೀರಿ ಶಾಖವಾಗಿಸುತ್ತದೆ. ಇಲ್ಲಿ ನೆರವಿಗೆ ಬರಬಲ್ಲದ್ದು ಕಿರಣಪುಂಜ ವಿಭಾಜಕ. ರಾತ್ರಿ ಬಸ್ಸಿನ ಕಿಟಕಿ ಗಾಜಿನಲ್ಲಿ ಹೊರಗಿನ ದೀಪಗಳೂ ನಮ್ಮ ಮುಖವೂ ಒಟ್ಟಿಗೆ ಕಾಣುತ್ತವಲ್ಲ, ಆ ಗಾಜೂ ಒಂದು ಸರಳ ವಿಭಾಜಕವೇ. 1946ರಲ್ಲಿ ಮ್ಯಾಕ್‌ನೀಲ್ ಪೇಟೆಂಟ್ ಪಡೆದ ಬಗೆಯಲ್ಲಿ ಎರಡು ಪಟ್ಟಕಗಳ ನಡುವೆ ಹಲವು ತೆಳು ಲೇಪಗಳಿದ್ದು, ಒಂದು ಧ್ರುವೀಕರಣದ ಬೆಳಕು ನೇರ ಹಾಯುತ್ತದೆ, ಅದಕ್ಕೆ ಲಂಬವಾದದ್ದು ಪಕ್ಕಕ್ಕೆ ಪ್ರತಿಫಲಿಸುತ್ತದೆ. ಯಾವುದೂ ಹೀರಲ್ಪಡುವುದಿಲ್ಲ. ಪಕ್ಕಕ್ಕೆ ಹೋದದ್ದನ್ನು ಕನ್ನಡಿಯಿಂದ ಮುಂದಕ್ಕೆ ತಿರುಗಿಸಿ, ಅರ್ಧತರಂಗ ಫಲಕದ ಮೂಲಕ ಹಾಯಿಸಿ ಧ್ರುವೀಕರಣವನ್ನು 90 ಡಿಗ್ರಿ ತಿರುಗಿಸಿದರೆ ಎರಡೂ ಪಾಲು ಉಪಯೋಗಕ್ಕೆ ಬಂದವು. ಅನೇಕ ಎಲ್‌ಸಿಡಿ ಪ್ರೊಜೆಕ್ಟರುಗಳಲ್ಲಿ ನಡೆಯುವುದು ಇದೇ ತತ್ತ್ವದ ಕೆಲಸ. ಆದರೆ ಎರಡು ಪಾಲುಗಳನ್ನು ಒಂದರ ಮೇಲೊಂದು ಕೂಡಿಸಲಾಗದು, ಪಕ್ಕಪಕ್ಕದಲ್ಲಿ ಇಡಬೇಕು. ಪುಂಜದ ಅಡ್ಡಕೊಯ್ತ ಇಮ್ಮಡಿಯಾಗುತ್ತದೆ. ವಿಭಾಜಕಕ್ಕೆ ಬೇಕಾದದ್ದು ಬಹುಮಟ್ಟಿಗೆ ಸಮಾಂತರವಾದ ಕಿರಣಗಳು. ಬಲ್ಬಿನ ಬೆಳಕೋ ಎಲ್ಲ ಕಡೆಗೂ ಚೆಲ್ಲುವಂಥದು.

ಇಷ್ಟೆಲ್ಲ ಮಾಡಿದರೂ ಚಾಲಕನ ಮುಂದಿನ ಪರದೆಯ ನಷ್ಟ ಉಳಿದೇ ಇದೆ. ದೀಪವಿಲ್ಲದೆ ನಡೆಯುವ ಪಾದಚಾರಿ, ಪರದೆಯಿಲ್ಲದ ಸೈಕಲ್ ಸವಾರನಿಗೆ ಈ ಏರ್ಪಾಡಿನಿಂದ ಕಾಟವೇ ಹೊರತು ಲಾಭವಿಲ್ಲ. ರಸ್ತೆಯ ಎಲ್ಲ ವಾಹನಗಳೂ ಬದಲಾಗದೆ ಮೊದಲು ಕೊಂಡವನಿಗೂ ಪ್ರಯೋಜನವಿಲ್ಲ. ವಾಹನ ತಯಾರಕರು ಲ್ಯಾಂಡ್‌ನ ಯೋಜನೆಯನ್ನು ಒಪ್ಪಲಿಲ್ಲ. 2013ರಲ್ಲಿ ಆಡಿ ಎ8 ಕಾರಿನಲ್ಲಿ ಬಂದ ದೀಪ ಬೇರೆ ಹಾದಿ ಹಿಡಿಯಿತು: ಕ್ಯಾಮೆರಾ ಎದುರಿನ ವಾಹನವನ್ನು ಗುರುತಿಸುತ್ತದೆ, ಹಲವು ಎಲ್‌ಇಡಿಗಳ ಸಾಲಿನಲ್ಲಿ ಆ ದಿಕ್ಕಿನವು ಮಾತ್ರ ಆರುತ್ತವೆ ಅಥವಾ ಮಂಕಾಗುತ್ತವೆ, ಉಳಿದವು ಹೈಬೀಮಿನಲ್ಲೇ ಉರಿಯುತ್ತವೆ. ಇದು ಕೆಲಸ ಮಾಡಲು ರಸ್ತೆಯಲ್ಲಿ ಅಂಥ ಒಂದೇ ಕಾರಿದ್ದರೂ ಸಾಕು.