ಉಳಿದದ್ದನ್ನು ನೋಡಿ ದುಡಿಯುವ ಮಜ್ಜೆ

ಡೆಂಗಿ ಬಂದವರ ಮನೆಯಲ್ಲಿ ಪ್ಲೇಟ್‌ಲೆಟ್ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಇರಬೇಕು ಎನ್ನುವ ಲ್ಯಾಬಿನಲ್ಲಿ ಎಣಿಸುವುದಕ್ಕೆ ಯಂತ್ರವಿದೆ. ಮೈಯೊಳಗೆ ಎಣಿಸುವವರು ಯಾರೂ ಇಲ್ಲ.

ಪ್ಲೇಟ್‌ಲೆಟ್ ತಯಾರಿಸುವುದು ಮೂಳೆಮಜ್ಜೆಯ ಮೆಗಾಕಾರಿಯೋಸೈಟ್ ಎಂಬ ದೈತ್ಯ ಕೋಶ. ಇದು ಒಡೆದು ಎರಡಾಗುವುದಿಲ್ಲ. ಡಿಎನ್‌ಎಯನ್ನಷ್ಟೇ ಮತ್ತೆ ಮತ್ತೆ ಇಮ್ಮಡಿಸಿಕೊಂಡು ಉಬ್ಬುತ್ತದೆ. ಆಮೇಲೆ ಪಕ್ಕದ ರಕ್ತನಾಳದ ಗೋಡೆಗೆ ಒತ್ತಿಕೊಂಡು, ಸಂದಿಯಲ್ಲಿ ಉದ್ದುದ್ದ ಎಳೆಗಳನ್ನು ಒಳಕ್ಕೆ ಚಾಚುತ್ತದೆ. ಹರಿಯುವ ರಕ್ತ ಆ ಎಳೆಗಳನ್ನು ಕಡಿದುಕೊಂಡು ಹೋಗುತ್ತದೆ. ಕಡಿದ ಚೂರುಗಳೇ ಪ್ಲೇಟ್‌ಲೆಟ್. ಆಯಸ್ಸು ಎಂಟು-ಹತ್ತು ದಿನ.

ಎಷ್ಟು ತಯಾರಾಗಬೇಕು ಎಂಬುದನ್ನು ತೀರ್ಮಾನಿಸುವ ಥ್ರಾಂಬೋಪೊಯಿಟಿನ್ ಎಂಬ ಹಾರ್ಮೋನು 1994ರಲ್ಲಿ ಕೈಗೆ ಸಿಕ್ಕಿತು. ಯಕೃತ್ತು ಇದನ್ನು ಬಹುಮಟ್ಟಿಗೆ ಒಂದೇ ಅಳತೆಯಲ್ಲಿ ಬಿಡುತ್ತಿರುತ್ತದೆ, ವರ್ತನೆ ಹಾಲಿನವರು ದಿನಾ ಅಷ್ಟೇ ಹಾಲು ಹಾಕಿಹೋದ ಹಾಗೆ. ಪ್ಲೇಟ್‌ಲೆಟ್‌ಗಳು ಅದನ್ನು ಹೀರಿ ಮುಗಿಸುತ್ತವೆ. ಅವು ಕಡಿಮೆಯಾದರೆ ಹಾರ್ಮೋನು ಮಿಗುತ್ತದೆ. ಮಿಕ್ಕದ್ದು ಮಜ್ಜೆಗೆ ತಲುಪಿ ಕೆಲಸ ಚುರುಕಾಗುತ್ತದೆ. ಇದಕ್ಕಿಂತ ಸರಳವಾದ ಏರ್ಪಾಡು ನನಗಂತೂ ತೋಚದು.

ಇದರ ಸೂಕ್ಷ್ಮ ಕಾಣುವುದು ಕಾಯಿಲೆಯಲ್ಲಿ. ಮಜ್ಜೆಯೇ ಬತ್ತುವ ಅಪ್ಲಾಸ್ಟಿಕ್ ಅನೀಮಿಯಾದಲ್ಲಿ ಹೀರುವವರಿಲ್ಲದೆ ಹಾರ್ಮೋನು ವಿಪರೀತ ಏರುತ್ತದೆ. ಐಟಿಪಿ ಎಂಬ ಕಾಯಿಲೆಯಲ್ಲಿ ಕಥೆ ಬೇರೆ. ಅಲ್ಲಿ ಪ್ಲೇಟ್‌ಲೆಟ್‌ಗಳನ್ನು ನಾಶಮಾಡುವುದು ದೇಹದ್ದೇ ಪ್ರತಿಕಾಯ. ಅಮೆರಿಕದ ವೈದ್ಯ ವಿಲಿಯಂ ಹ್ಯಾರಿಂಗ್ಟನ್ 1950ರಲ್ಲಿ ಅಂಥ ರೋಗಿಯ ರಕ್ತವನ್ನು ತನಗೇ ಏರಿಸಿಕೊಂಡರು. ಕೆಲವೇ ಗಂಟೆಗಳಲ್ಲಿ ಅವರ ಪ್ಲೇಟ್‌ಲೆಟ್‌ಗಳೂ ಪಾತಾಳಕ್ಕಿಳಿದವು. ರೋಗ ಹುಟ್ಟಿಸುವ ವಸ್ತು ರಕ್ತದಲ್ಲೇ ಇದೆ ಎಂದು ಗೊತ್ತಾದದ್ದು ಹೀಗೆ. (ಇಂಥ ಪ್ರಯೋಗವನ್ನು ಇಂದು ಯಾವ ನೀತಿ ಸಮಿತಿಯೂ ಒಪ್ಪಲಾರದು.)

ಐಟಿಪಿಯಲ್ಲಿ ಪ್ಲೇಟ್‌ಲೆಟ್ ಇಪ್ಪತ್ತು ಸಾವಿರಕ್ಕೆ ಇಳಿದರೂ ಹಾರ್ಮೋನು ಹೆಚ್ಚೇನೂ ಏರುವುದಿಲ್ಲ. ಮಜ್ಜೆಯಲ್ಲಿ ಮೆಗಾಕಾರಿಯೋಸೈಟ್‌ಗಳು ಬೇಕಾದಷ್ಟಿವೆ, ಅವೂ ಹೀರುತ್ತವೆ. ನಾಶವಾಗುವ ಪ್ಲೇಟ್‌ಲೆಟ್‌ಗಳು ಹೀರಿಕೊಂಡೇ ಸಾಯುತ್ತವೆ. ಮಿಗುವುದು ಕಡಿಮೆ, ಹಾಗಾಗಿ ಮಜ್ಜೆಗೆ ಕೊರತೆಯ ಸುದ್ದಿಯೇ ಸರಿಯಾಗಿ ಮುಟ್ಟುವುದಿಲ್ಲ.

ಹಾಗಾದರೆ ಹೊರಗಿನಿಂದ ಕೊಟ್ಟರಾಯಿತಲ್ಲ? 1990ರ ದಶಕದಲ್ಲಿ ಹಾರ್ಮೋನಿನ ಪ್ರತಿರೂಪವನ್ನು ಆರೋಗ್ಯವಂತರಿಗೆ ಚುಚ್ಚಿ ನೋಡಿದರು. ಕೆಲವರ ದೇಹ ಅದರ ವಿರುದ್ಧ ಪ್ರತಿಕಾಯ ಹೂಡಿತು. ಆ ಪ್ರತಿಕಾಯ ಸ್ವಂತ ಹಾರ್ಮೋನನ್ನೂ ಬಿಡಲಿಲ್ಲ, ಪ್ಲೇಟ್‌ಲೆಟ್ ಏರುವ ಬದಲು ಕುಸಿಯಿತು. 2008ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ರೋಮಿಪ್ಲೋಸ್ಟಿಮ್ ಚುಚ್ಚುಮದ್ದು ಮತ್ತು ಎಲ್ಟ್ರೋಂಬೊಪಾಗ್ ಮಾತ್ರೆ ಅದಕ್ಕೇ ಥ್ರಾಂಬೋಪೊಯಿಟಿನ್‌ನ ಹೋಲಿಕೆಯಿಲ್ಲದ ಅಣುಗಳು. ಹೋಲಿಕೆಯಿಲ್ಲದಿದ್ದರೂ ಎರಡೂ ತಟ್ಟುವುದು ಹಾರ್ಮೋನು ತಟ್ಟುವ ಮೆಗಾಕಾರಿಯೋಸೈಟ್‌ನ ಅದೇ ಬಾಗಿಲನ್ನು.