ಆಕಳ ಕೆಲಸದ ಪಟ್ಟಿ, ಕಂಪ್ಯೂಟರಿನ ಕಪ್ಪು ಪರದೆಯಲ್ಲಿ



ಆಕಳ ಬೆದೆ ಒಮ್ಮೆ ಕಣ್ತಪ್ಪಿದರೆ ಮತ್ತೆ ಸುಮಾರು 21 ದಿನ ಕಾಯಬೇಕು. ಅಷ್ಟು ದಿನವೂ ಹಿಂಡಿ, ಮೇವಿನ ಖರ್ಚು ನಿಲ್ಲುವುದಿಲ್ಲ. ಕುಮಾರಪಟ್ಟಣದಂಥ ಊರಿನಲ್ಲಿ ಒಬ್ಬರು ಕಾರ್ಖಾನೆಯ ಪಾಳಿಗೆ ಹೋಗಿ, ಇನ್ನೊಬ್ಬರು ಹಾಲು ಹಿಂಡುವ ಮನೆಗಳಲ್ಲಿ ಒಬ್ಬರು ಕಂಡದ್ದು ಮತ್ತೊಬ್ಬರಿಗೆ ತಿಳಿಯದೇ ಹೋಗುತ್ತದೆ.

ಓದುವ ಮಕ್ಕಳ ಕಂಪ್ಯೂಟರ್ ಮನೆಯಲ್ಲಿದ್ದರೆ ಈ ನೆನಪಿನ ಕೆಲಸವನ್ನು ಅದಕ್ಕೆ ಒಪ್ಪಿಸಿರಿ. ಹೊಸದೇನೂ ಕೊಳ್ಳಬೇಕಿಲ್ಲ, ಇಂಟರ್‌ನೆಟ್ಟೂ ಬೇಡ. ಅಕ್ಷರ ಟೈಪ್ ಮಾಡಿ ಅಪ್ಪಣೆ ಕೊಡುವ ಕಪ್ಪು ಪರದೆ ಅದರಲ್ಲೇ ಇರುತ್ತದೆ. ಇದಕ್ಕೆ ಕಮಾಂಡ್ ಲೈನ್ ಎನ್ನುತ್ತಾರೆ. ಒಂದು ಸಾದಾ ಫೈಲಿನಲ್ಲಿ ಸಾಲಿಗೊಂದೇ ಕೆಲಸ ಬರೆಯಬೇಕು. ಗೌರಿ ಎಂಬ ಆಕಳಿಗೆ 2026ರ ಜನವರಿ 10ರಂದು ಕೃತಕ ಗರ್ಭಧಾರಣೆ ಆಗಿದ್ದರೆ ಅಂದೇ ಈ ನಾಲ್ಕು ಸಾಲು ಬರೆಯಿರಿ:

2026-01-31 ಗೌರಿ ಮತ್ತೆ ಬೆದೆಗೆ ಬಂತೇ ನೋಡುವುದು
2026-04-10 ಗೌರಿ ಗಬ್ಬದ ಪರೀಕ್ಷೆ
2026-08-18 ಗೌರಿ ಹಾಲು ಬತ್ತಿಸುವುದು
2026-10-17 ಗೌರಿ ಈಯುವ ದಿನ

ಆಕಳ ಗರ್ಭ ಸುಮಾರು 280 ದಿನ, ಎಮ್ಮೆಯದು 310 ದಿನ. ಈಯುವುದಕ್ಕೆ 60 ದಿನ ಮೊದಲು ಹಾಲು ಬತ್ತಿಸಬೇಕು. ತಾರೀಖನ್ನು ಮೊದಲು ಬರೆಯುವ ನಮ್ಮ ರೂಢಿ ಇಲ್ಲಿ ನಡೆಯದು. ಕಂಪ್ಯೂಟರ್ ಎಡದಿಂದ ಒಂದೊಂದೇ ಅಕ್ಷರ ಹೋಲಿಸುತ್ತದೆ, ಆದ್ದರಿಂದ ವರ್ಷ ಮೊದಲು. ಜನವರಿಗೆ 1 ಅಲ್ಲ, 01. ಆಗ 'ಸಾರ್ಟ್' ಎಂಬ ಅಪ್ಪಣೆ ಕೊಟ್ಟರೆ ಹತ್ತಿರದ ಕೆಲಸ ಮೇಲೆ ಬರುತ್ತದೆ. ಲಿನಕ್ಸ್‌ನಲ್ಲಿ 'ಗ್ರೆಪ್', ವಿಂಡೋಸ್‌ನಲ್ಲಿ 'ಫೈಂಡ್' ಎಂದು ಗೌರಿಯ ಹೆಸರು ಕೊಟ್ಟರೆ ಅವಳ ಸಾಲುಗಳಷ್ಟೇ ಕಾಣುತ್ತವೆ. ಕನ್ನಡ ಸರಿಯಾಗಿ ಮೂಡದಿದ್ದರೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದುಕೊಳ್ಳಿರಿ, ಆಕಳು ಬೇಸರಪಡುವುದಿಲ್ಲ. ಸಾರ್ಟ್, ಗ್ರೆಪ್ 1970ರ ದಶಕದ ಯುನಿಕ್ಸ್ ಕಾಲದವು, ಇಂದಿಗೂ ಹಾಗೇ ನಡೆಯುತ್ತಿವೆ.

ಒಂದು ಎಚ್ಚರಿಕೆ. ಹೊಸ ಸಾಲು ಸೇರಿಸಲು 'ಎಕೋ' ಎಂದು ಬರೆದು, ಸಾಲು ಟೈಪ್ ಮಾಡಿ, > ಚಿಹ್ನೆಯನ್ನು ಎರಡು ಸಲ ಒತ್ತಿ, ಫೈಲಿನ ಹೆಸರು ಕೊಡಬೇಕು. ಒಂದೇ ಸಲ ಒತ್ತಿದರೆ ಹಳೆಯ ಪಟ್ಟಿಯೆಲ್ಲ ಅಳಿಸಿಹೋಗಿ ಹೊಸ ಸಾಲೊಂದೇ ಉಳಿಯುತ್ತದೆ. ಹೀಗೆ ಮಾಡಲೇ ಎಂದು ಅದು ಕೇಳುವುದೂ ಇಲ್ಲ. ವಾರಕ್ಕೊಮ್ಮೆ ಪೆನ್‌ಡ್ರೈವ್‌ಗೆ ಪ್ರತಿ ತೆಗೆದಿಡಿರಿ. ಮೇಲಿನ ನಾಲ್ಕೈದು ಸಾಲುಗಳನ್ನು ಕೊಟ್ಟಿಗೆಯ ನೋಟ್‌ಬುಕ್ಕಿಗೂ ಇಳಿಸಿರಿ, ಕರೆಂಟು ಹೋದ ದಿನವೂ ಆಕಳು ಬೆದೆಗೆ ಬರುತ್ತದೆ.

ಪಟ್ಟಿ ಹೇಳುವುದು ದಿನವನ್ನು ಮಾತ್ರ. ಲೋಳೆ, ಕೂಗಾಟ, ಬೇರೆ ಆಕಳು ಹತ್ತಿದರೂ ಸುಮ್ಮನೆ ನಿಲ್ಲುವುದು, ಇವನ್ನು ನೀವೇ ನೋಡಬೇಕು. ಬೆಳಿಗ್ಗೆ ಕಂಡರೆ ಅಂದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಿರಿ. ಮುಗಿದ ಸಾಲನ್ನು ಅಳಿಸದೆ ಮುಂದೆ ಒಂದು ಎಕ್ಸ್ ಅಕ್ಷರ ಹಾಕಿರಿ. ಸಾರ್ಟ್ ಮಾಡಿದಾಗ ಅದು ಕೆಳಗಿಳಿಯುತ್ತದೆ. ಪಶುವೈದ್ಯರು ಹಿಂದಿನ ತಾರೀಖು ಕೇಳಿದಾಗ ತೋರಿಸಲು ಕೈಗೆ ಸಿಗುತ್ತದೆ.