ಗಣಿತ ಕಲಿಕೆ: ಗುರಿ ಒಂದೇ, ದಾರಿ ಹಲವು

ಎಂಟನೇ ತರಗತಿಗೆ ಬಂದ ಮಕ್ಕಳೆಲ್ಲರ ಕೈಯಲ್ಲೂ ಇರುವುದು ಒಂದೇ ಗಣಿತ ಪುಸ್ತಕ. ಒಬ್ಬಳು ಬೀಜಗಣಿತವನ್ನು ಸಲೀಸಾಗಿ ಬಿಡಿಸುತ್ತಾಳೆ. ಪಕ್ಕದ ಬೆಂಚಿನವನಿಗೆ ಭಾಗಾಕಾರವೇ ಇನ್ನೂ ಗಟ್ಟಿಯಾಗಿಲ್ಲ. ಇಬ್ಬರಿಗೂ ಒಂದೇ ಪಿರಿಯಡ್‌ನಲ್ಲಿ ಕಲಿಸಬೇಕು. ಮಕ್ಕಳ ಅಗತ್ಯಕ್ಕೆ ಪಾಠವನ್ನು ಹೊಂದಿಸಿ ಎಂದಾಗ ಶಿಕ್ಷಕರಿಂದಲೂ ಪೋಷಕರಿಂದಲೂ ಕೆಲವು ಆಕ್ಷೇಪಗಳು ಬರುತ್ತವೆ. ಅವು ಎಷ್ಟು ನಿಜ?

ತಪ್ಪು ಕಲ್ಪನೆ 1: ಗಣಿತ ಹುಟ್ಟಿನಿಂದ ಬರಬೇಕು, ತಲೆಗೆ ಹತ್ತದವರಿಗೆ ಎಷ್ಟು ಹೇಳಿದರೂ ಅಷ್ಟೇ.

ಸತ್ಯ: ಗ್ರಾಮೀಣ ಭಾರತದ 14ರಿಂದ 18 ವರ್ಷದವರನ್ನು ಕುರಿತ 2023ರ ‘ಅಸರ್’ ಸಮೀಕ್ಷೆಯಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಸರಿಯಾಗಿ ಭಾಗಿಸಿದವರು ಶೇ. 43ರಷ್ಟು ಮಾತ್ರ. ಉಳಿದ ಅರ್ಧಕ್ಕಿಂತ ಹೆಚ್ಚು ಮಕ್ಕಳೆಲ್ಲ ಹುಟ್ಟಾ ಅಸಮರ್ಥರೆಂದು ಯಾರೂ ಹೇಳಲಾರರು. ಕೊರತೆ ಇರುವುದು ಪ್ರಾಥಮಿಕ ಹಂತದಲ್ಲಿ ಗಟ್ಟಿಯಾಗದೆ ಉಳಿದ ಕಲಿಕೆಯಲ್ಲಿ. ಹೆಣ್ಣುಮಕ್ಕಳಿಗೆ ಗಣಿತ ಕಷ್ಟ ಎಂಬ ಮಾತೂ ಇಂಥದ್ದೇ. ಅಮೆರಿಕದ ಎಪ್ಪತ್ತು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಪರಿಶೀಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನವು ಹುಡುಗ ಹುಡುಗಿಯರ ಸರಾಸರಿ ಸಾಧನೆಯಲ್ಲಿ ಗಣನೀಯ ಅಂತರ ಕಾಣಲಿಲ್ಲ. ಕೆಲವು ಮಕ್ಕಳಿಗೆ ಡಿಸ್‌ಕ್ಯಾಲ್ಕುಲಿಯಾ ಎಂಬ ನಿಜವಾದ ಕಲಿಕಾ ತೊಂದರೆ ಇರುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016 ಅದನ್ನು ಗುರುತಿಸಿದೆ. ಅಂಥ ಮಗುವನ್ನು ಸೋಮಾರಿ ಎನ್ನುವುದು ಅನ್ಯಾಯ.

ತಪ್ಪು ಕಲ್ಪನೆ 2: ಮಕ್ಕಳು ತಪ್ಪು ಮಾಡುವುದು ಗಮನವಿಲ್ಲದೆ, ಇನ್ನೂ ಹತ್ತು ಲೆಕ್ಕ ಮಾಡಿಸಿದರೆ ಸರಿಹೋಗುತ್ತದೆ.

ಸತ್ಯ: ಹೆಚ್ಚಿನ ತಪ್ಪುಗಳ ಹಿಂದೆ ಮಗು ತಾನೇ ಕಟ್ಟಿಕೊಂಡ ಒಂದು ನಿಯಮ ಇರುತ್ತದೆ. 1/2 + 1/3 = 2/5 ಎಂದು ಬರೆದವನು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿದ್ದಾನೆ. 0.5ಕ್ಕಿಂತ 0.35 ದೊಡ್ಡದು ಎನ್ನುವವಳು 5ಕ್ಕಿಂತ 35 ದೊಡ್ಡದೆಂದು ನೋಡಿದ್ದಾಳೆ. ಆ ನಿಯಮವನ್ನು ಮುಟ್ಟದೆ ಹತ್ತು ಲೆಕ್ಕ ಕೊಟ್ಟರೆ ತಪ್ಪೇ ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ಬದಲು ಕೇಳಿ: “ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆ ಬರಬಹುದೇ?” 2/5 ಅರ್ಧಕ್ಕಿಂತ ಚಿಕ್ಕದೆಂದು ಮಗುವಿಗೇ ಕಾಣುತ್ತದೆ.

(ಎ + ಬಿ)² ಎಂದರೆ ಎ² + ಬಿ² ಎಂದು ಬರೆಯುವವರಿಗೆ 3 + 2 ಬಾಹುವಿನ ಚೌಕ ಬರೆಸಿ. ಇಡೀ ಚೌಕದ ವಿಸ್ತೀರ್ಣ 25. ಒಳಗಿನ ಎರಡು ಚೌಕಗಳದ್ದು 9 ಮತ್ತು 4, ಕೂಡಿದರೆ 13 ಮಾತ್ರ. ಉಳಿದ 12 ಎಲ್ಲಿದೆ ಎಂದು ಹುಡುಕಿದಾಗ 6ರ ಎರಡು ಆಯತಗಳು ಸಿಗುತ್ತವೆ. ಸೂತ್ರದ 2ಎಬಿ ಅದೇ. ಇದು ಎಂಟನೇ ತರಗತಿಯಲ್ಲಿ ಅರ್ಥವಾಗದಿದ್ದರೆ ಹತ್ತನೇ ತರಗತಿಯಲ್ಲಿ ವರ್ಗ ಸಮೀಕರಣ ಬಿಡಿಸುವಾಗ ಮಗು ಕಂಗಾಲಾಗುತ್ತದೆ.

ತಪ್ಪು ಕಲ್ಪನೆ 3: ಅಗತ್ಯಕ್ಕೆ ಹೊಂದಿಸುವುದೆಂದರೆ ಮಟ್ಟ ಇಳಿಸುವುದು, ಇದರಿಂದ ಜಾಣ ಮಕ್ಕಳಿಗೆ ನಷ್ಟ.

ಸತ್ಯ: ತ್ರಿಕೋನಮಿತಿಯನ್ನೇ ನೋಡಿ. ಶಾಲೆಯ ಧ್ವಜಸ್ತಂಭದ ಎತ್ತರ ಕಂಡುಹಿಡಿಯುವುದು ತರಗತಿಯ ಕೆಲಸ. ಉನ್ನತ ಕೋನ 45 ಡಿಗ್ರಿ ಆಗುವ ಜಾಗದಲ್ಲಿ ನಿಂತ ಗುಂಪಿಗೆ ಕಂಬದವರೆಗಿನ ದೂರಕ್ಕೆ ಕಣ್ಣಿನ ಎತ್ತರ ಸೇರಿಸಿದರೆ ಸಾಕು. ಇನ್ನೊಂದು ಗುಂಪು 30 ಡಿಗ್ರಿಯಲ್ಲಿ ನಿಂತು ಅನುಪಾತ ಬಳಸುತ್ತದೆ. ಮೂರನೆಯದು ಕಂಬದ ಬುಡಕ್ಕೆ ಹೋಗದೆ, ಎರಡು ಜಾಗಗಳಿಂದ ಕೋನ ಅಳೆದು ಉತ್ತರ ತೆಗೆಯಬೇಕು. ಪಾಠ ಒಂದೇ, ಯಾರೂ ಸುಮ್ಮನೆ ಕೂರುವುದಿಲ್ಲ, ಯಾರೂ ಹಿಂದೆ ಉಳಿಯುವುದಿಲ್ಲ.

ತಪ್ಪು ಕಲ್ಪನೆ 4: ಸಂತೆ, ಅಂಗಡಿಯ ಉದಾಹರಣೆ ಕೊಟ್ಟರೆ ಗಣಿತ ತಾನಾಗಿ ಬರುತ್ತದೆ.

ಸತ್ಯ: ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ‘ನೇಚರ್’ ಪತ್ರಿಕೆ 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕಠಿಣ ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುವ ಆ ಮಕ್ಕಳು ಶಾಲಾ ಮಾದರಿಯ ಲೆಕ್ಕದಲ್ಲಿ ಎಡವಿದರು. ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಸೋತರು. ಬಾಯಿಲೆಕ್ಕದಿಂದ ಸೂತ್ರಕ್ಕೂ, ಸೂತ್ರದಿಂದ ಬದುಕಿಗೂ ಸೇತುವೆ ಕಟ್ಟಬೇಕಾದವರು ಶಿಕ್ಷಕರು. 12ನೆಯ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿದ್ದಾನೆ, ಈ ಸೇತುವೆ ನಮ್ಮ ನುಡಿಗೆ ಹೊಸದಲ್ಲ.

ತಪ್ಪು ಕಲ್ಪನೆ 5: ಪಾಠ ಮುಗಿಸುವುದಕ್ಕೇ ಸಮಯ ಸಾಲದು, ಇದಕ್ಕೆಲ್ಲ ಪುರುಸೊತ್ತೆಲ್ಲಿ?

ಸತ್ಯ: ಸಮಯದ ಒತ್ತಡ ನಿಜ. ಆದರೆ ಅಧ್ಯಾಯ ಶುರುವಾಗುವ ಮುನ್ನ ಹಿಂದಿನ ತರಗತಿಯ ನಾಲ್ಕೈದು ಪ್ರಶ್ನೆ ಕೊಟ್ಟು ಯಾರು ಎಲ್ಲಿ ನಿಂತಿದ್ದಾರೆಂದು ನೋಡಲು ಹೆಚ್ಚು ಹೊತ್ತು ಬೇಡ. ಅಷ್ಟನ್ನು ಬಿಟ್ಟವರು ವರ್ಷದ ಕೊನೆಯಲ್ಲಿ ವಿಶೇಷ ತರಗತಿಗಳಿಗೆ ವಾರಗಟ್ಟಲೆ ಸುರಿಯಬೇಕಾಗುತ್ತದೆ.

ಮಕ್ಕಳ ಯೋಚನೆಯನ್ನೇ ಗಣಿತೀಯವಾಗಿ ಬೆಳೆಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತ್ತು. ಶಿಕ್ಷಕರೇ, ತಪ್ಪು ಉತ್ತರಕ್ಕೆ ಕೆಂಪು ಗೀಟು ಹಾಕುವ ಮೊದಲು “ಹೇಗೆ ಮಾಡಿದೆ?” ಎಂದು ಕೇಳಿ. ಪೋಷಕರೇ, “ನನಗೂ ಗಣಿತ ಬರುತ್ತಿರಲಿಲ್ಲ” ಎಂದು ಮಗುವಿನ ಕೈಬಿಡಬೇಡಿ. ಹತ್ತನೇ ತರಗತಿಯವರೆಗೆ ಕಾಯದೆ ಎಂಟರಲ್ಲೇ ಈ ಕೆಲಸ ಶುರುಮಾಡಿ.